ಎಷ್ಟೋ ವರ್ಷದ ಮೇಲೆ ಹುಟ್ಟೂರಿಗೆ ಬಂದೆ, ಊರು ಮಾತ್ರ ನೆಂಟನ ಹಾಗೆ ನೋಡುತ್ತಿದೆ

ಹಳೇಬೀದಿಯವ:
ಎಲ್ಲರಿಗೂ ನಮಸ್ಕಾರ. ಓದು ಮುಗಿಸಿ ಹೊರದೇಶಕ್ಕೆ ಹೋದವನು ಅಲ್ಲೇ ಕೆಲಸ, ಅಲ್ಲೇ ಸಂಸಾರ ಅಂತ ಉಳಿದುಬಿಟ್ಟೆ. ಈಗ ಹುಟ್ಟಿ ಬೆಳೆದ ಊರಿಗೆ, ಅದೇ ಮನೆಗೆ ವಾಪಸ್ ಬಂದಿದ್ದೇನೆ. ರಜೆಗೆ ಬಂದಿದ್ದಲ್ಲ, ಇರುವುದಕ್ಕೇ ಬಂದಿದ್ದು. ಅಪ್ಪ ಅಮ್ಮನಿಗೆ ವಯಸ್ಸಾಯಿತು ಅನ್ನುವುದು ಒಂದು ಕಾರಣ. ನನಗೂ ಅಲ್ಲಿ ಸಾಕಾಗಿತ್ತು ಅನ್ನುವುದು ಇನ್ನೊಂದು.

ತೊಂದರೆ ಏನೆಂದರೆ, ಇಲ್ಲಿ ಯಾರೂ ನನ್ನನ್ನು ಊರಿನವನು ಅಂತ ನೋಡುತ್ತಿಲ್ಲ. ಹಾಗಂತ ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ. ಕುರ್ಚಿ ಎಳೆದು ಕೊಡುತ್ತಾರೆ, 'ಮತ್ತೆ ಯಾವಾಗ ಹೊರಡೋದು?' ಅಂತ ಕೇಳುತ್ತಾರೆ. ಹೊರಡುವುದಿಲ್ಲ ಅಂದರೆ ನಗುತ್ತಾರೆ. ಒಂದೇ ಬೆಂಚಿನಲ್ಲಿ ಕೂತು ಓದಿದವನು ಮೊನ್ನೆ ದಾರಿಯಲ್ಲಿ ಸಿಕ್ಕಿದ. ನಾನು 'ಏನೋ, ಹೇಗಿದ್ದೀಯ?' ಅಂದೆ. ಅವನು 'ಬನ್ನಿ, ಚೆನ್ನಾಗಿದ್ದೀರಾ?' ಅಂದ. ಆಮೇಲೆ ನನಗೂ ಏನು ಮಾತಾಡಬೇಕು ಅಂತ ತೋಚಲಿಲ್ಲ.

ಇನ್ನೊಂದು ವಿಷಯ. ಅಲ್ಲಿ ಕಳೆದ ವರ್ಷಗಳ ಬಗ್ಗೆ ಇಲ್ಲಿ ಯಾರಿಗೂ ಕುತೂಹಲವೇ ಇಲ್ಲ. ಸಂಬಳ ಎಷ್ಟಿತ್ತು, ಚಳಿ ಎಷ್ಟಿತ್ತು, ಅಲ್ಲಿಗೆ ಮುಗಿಯಿತು. ಮೂರನೇ ಮಾತು ಬರುವ ಹೊತ್ತಿಗೆ ವಿಷಯ ಬದಲಾಗಿರುತ್ತದೆ. ನನ್ನ ಅರ್ಧ ಜೀವನವನ್ನು ಎಲ್ಲೋ ಜೇಬಿನಲ್ಲಿ ಮಡಚಿ ಇಟ್ಟುಕೊಂಡು ಓಡಾಡುತ್ತಿದ್ದೇನೆ ಅನ್ನಿಸುತ್ತದೆ.

ಇದು ಸರಿಹೋಗುತ್ತಾ? ಅಥವಾ ಬೇರೆ ಊರಿನಲ್ಲಿ ಮನೆ ಮಾಡಿಕೊಂಡು, ಆಗಾಗ ಇಲ್ಲಿಗೆ ಬಂದು ಹೋಗುವುದೇ ಒಳ್ಳೆಯದಾ? ಅನುಭವ ಇದ್ದವರು ಹೇಳಿ. ದಯವಿಟ್ಟು 'ವಾಪಸ್ ಹೋಗಿಬಿಡಿ' ಅಂತ ಒಂದೇ ಸಾಲು ಬರೆಯಬೇಡಿ.

ಸುಮ್ನೆಓದುವವ:
ವಾಪಸ್ ಹೋಗಿಬಿಡಿ.

(ತಮಾಷೆಗೆ ಗುರುಗಳೇ. ಹೊಡೀಬೇಡಿ.)

ಕಿಟಕಿಸೀಟು:
ಗಾಬರಿ ಆಗಬೇಡಿ ಸರ್, ಇದರ ಮೇಲೆ ಅಧ್ಯಯನಗಳೇ ಆಗಿವೆ. 1955ರಲ್ಲಿ ಲಿಸ್ಗಾರ್ಡ್ ಅನ್ನುವ ನಾರ್ವೆಯ ಸಮಾಜಶಾಸ್ತ್ರಜ್ಞರು ಅಮೆರಿಕದಲ್ಲಿ ಇದ್ದು ಬಂದ ತಮ್ಮ ದೇಶದವರನ್ನು ಮಾತಾಡಿಸಿದರು. ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ನಿಧಾನಕ್ಕೆ ಚೇತರಿಕೆ ಅಂತ ಅವರಿಗೆ ಕಂಡಿತು. 6ರಿಂದ 18 ತಿಂಗಳು ಇದ್ದವರೇ ಜಾಸ್ತಿ ಒದ್ದಾಡಿದ್ದು. 1963ರಲ್ಲಿ ಗಲ್ಲಾಹಾರ್ನ್ ದಂಪತಿ ಇದಕ್ಕೆ ಇನ್ನೊಂದು ತಗ್ಗು ಸೇರಿಸಿದರು. ಮನೆಗೆ ಮರಳಿದ ಮೇಲೂ ಅದೇ ಕುಸಿತ ಇನ್ನೊಮ್ಮೆ ಬರುತ್ತದೆ ಅಂತ.

ನನಗಂತೂ ಎರಡನೆಯದೇ ಕಷ್ಟವಾಯಿತು. ಹೋಗುವಾಗ ಮನಸ್ಸು ತಯಾರಾಗಿರುತ್ತದೆ. ಹೊಸ ದೇಶ, ಯಾರೂ ಗೊತ್ತಿಲ್ಲ, ಕಷ್ಟ ಇದ್ದಿದ್ದೇ ಅಂತ. ಬರುವಾಗ ಯಾವ ತಯಾರಿಯೂ ಇಲ್ಲ, ನಮ್ಮೂರೇ ತಾನೇ ಅಂತ ಬಂದುಬಿಡುತ್ತೇವೆ. ಅಲ್ಲಿ ದಾರಿ ತಪ್ಪಿದರೆ 'ಹೊಸಬಳು' ಅಂತ ಜನ ಸಹಿಸಿಕೊಳ್ಳುತ್ತಿದ್ದರು. ಇಲ್ಲಿ ತಪ್ಪಿದರೆ 'ಇವಳಿಗೇನಾಯಿತು' ಅಂತ ನೋಡುತ್ತಾರೆ.

ಲೆಕ್ಕದಮೇಷ್ಟ್ರು:
ಒಂದು ತಿದ್ದುಪಡಿ. ಆ 6ರಿಂದ 18 ತಿಂಗಳ ಲೆಕ್ಕ ಹೊರಗೆ ಇದ್ದ ಕಾಲದ್ದು, ಮರಳಿದ ಮೇಲಿನದ್ದಲ್ಲ. ಅದೂ ಅಲ್ಲದೆ ಆಮೇಲೆ ಬಂದ ಎಷ್ಟೋ ಅಧ್ಯಯನಗಳಲ್ಲಿ ಜನರ ಅನುಭವ ಆ ಖುಷಿ, ಕುಸಿತ, ಚೇತರಿಕೆಯ ಗೆರೆಗೆ ಹೊಂದಲಿಲ್ಲ. ಕೆಲವರಿಗೆ ಮೊದಲ ದಿನವೇ ಕಷ್ಟ. ಕೆಲವರಿಗೆ ಏನೂ ಆಗುವುದೇ ಇಲ್ಲ. ಇಷ್ಟು ತಿಂಗಳಾದರೆ ತಾನಾಗಿ ಸರಿಹೋಗುತ್ತೆ ಅಂತ ಕ್ಯಾಲೆಂಡರ್ ನೋಡುತ್ತ ಕೂತರೆ ಕೂತೇ ಇರುತ್ತೀರಿ.

ಕಿಟಕಿಸೀಟು:
ಮೇಷ್ಟ್ರೇ, ಗೆರೆ ನಿಮ್ಮ ಹತ್ತಿರವೇ ಇರಲಿ. ತಗ್ಗಿನಲ್ಲಿ ಬಿದ್ದವರಿಗೆ 'ಇಲ್ಲಿ ಬೇರೆಯವರೂ ಬಿದ್ದಿದ್ದಾರೆ' ಅಂತ ಗೊತ್ತಾದರೆ ಅದೇ ಒಂದು ಧೈರ್ಯ.

ಇಲ್ಲೇಇದ್ದವಳು:
ಎಲ್ಲರೂ ಹೋಗಿ ಬಂದವರ ಕಡೆಯಿಂದಲೇ ಮಾತಾಡುತ್ತಿದ್ದೀರಿ. ನಾನು ಎಲ್ಲಿಗೂ ಹೋಗಿಲ್ಲ. ಈ ಕಡೆಯ ಮಾತನ್ನೂ ಸ್ವಲ್ಪ ಕೇಳಿಸಿಕೊಳ್ಳಿ.

ನನ್ನ ಜೊತೆ ಓದಿದವರಲ್ಲಿ ಬಹಳ ಜನ ಹೊರಗಿದ್ದಾರೆ. ಬಂದಾಗಲೆಲ್ಲ ಒಂದೇ ರಾಗ. 'ಅಯ್ಯೋ, ಶಾಲೆ ಮುಂದಿನ ಮರ ಕಡಿದುಬಿಟ್ಟರಾ? ಆ ಹಳೇ ಕಟ್ಟಡ ಎಲ್ಲಿ ಹೋಯಿತು? ಊರೆಲ್ಲ ಹಾಳಾಯಿತು.' ಆ ಮರದ ಕೊಂಬೆ ಗಾಳಿಗೆ ಮುರಿದು ತಂತಿ ಮೇಲೆ ಬಿದ್ದಾಗ ಎರಡು ರಾತ್ರಿ ಕತ್ತಲಲ್ಲಿ ಕೂತವರು ನಾವು. ಕಡಿಯಬೇಕೋ ಬೇಡವೋ ಅಂತ ಬೀದಿಯವರೆಲ್ಲ ಎರಡು ಪಾರ್ಟಿ ಆಗಿ ಜಗಳ ಆಡಿದವರು ನಾವು. ಕಡಿಯಬಾರದು ಅನ್ನುವ ಅರ್ಜಿಗೆ ನಾನೇ ಸಹಿ ಹಾಕಿದ್ದೆ, ಸೋತೆವು. ಹೊರಗಿದ್ದವರು ಕೇಳಿದ್ದು ಆ ಮರದ ಹಳೇ ಫೋಟೋ.

ನಾವು ಇಲ್ಲಿ ಬದುಕಬೇಕು ಸ್ವಾಮಿ. ನಮಗೂ ಅಗಲವಾದ ರಸ್ತೆ ಬೇಕು, ಲಿಫ್ಟ್ ಇರುವ ಕಟ್ಟಡ ಬೇಕು. ನೀವು ಹೋದ ಊರಿನಲ್ಲಿ ಇವೆಲ್ಲ ಇದ್ದವು, ಅದಕ್ಕೇ ಅಲ್ವಾ ಅಷ್ಟು ವರ್ಷ ಅಲ್ಲೇ ಇದ್ದಿದ್ದು? ಇಲ್ಲಿಗೆ ಬಂದಾಗ ಮಾತ್ರ ಎಲ್ಲ ಹಳೇದೇ ಇರಬೇಕು.

'ಯಾರೂ ನನ್ನ ಕಥೆ ಕೇಳುವುದಿಲ್ಲ' ಅಂದಿರಿ. ಇಲ್ಲಿನವರ ಕಥೆ ನೀವು ಕೇಳಿದಿರಾ? ಯಾರು ತೀರಿಕೊಂಡರು, ಯಾರ ಕೆಲಸ ಹೋಯಿತು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟರು ಅಂತ? ನಮಗೂ ಅಷ್ಟೇ ವರ್ಷಗಳು ಕಳೆದಿವೆ. ಅವುಗಳಲ್ಲಿ ವಿಮಾನ, ಹಿಮ ಇಲ್ಲ ಅಷ್ಟೇ.

ನಿಮ್ಮ ಗೆಳೆಯ 'ಬನ್ನಿ' ಅಂದಿದ್ದಕ್ಕೆ ಬೇಜಾರು ಮಾಡ್ಕೊಂಡಿದ್ದೀರಿ. ಕಷ್ಟ ಬಂದಾಗ ಫೋನ್ ಮಾಡುವಷ್ಟು ಹತ್ತಿರ ಇಲ್ಲ, ಕಂಡರೂ ಕಾಣದ ಹಾಗೆ ಹೋಗುವಷ್ಟು ದೂರವೂ ಇಲ್ಲ. ಅಂಥವರು ಎದುರಿಗೆ ಬಂದರೆ ಬಾಯಿಗೆ ಬರುವುದು ಬಹುವಚನವೇ. ಅವನನ್ನು ಯಾಕೆ ದೂರುತ್ತೀರಿ?

ಸುಮ್ನೆಓದುವವ:
ಅಕ್ಕಾ 🔥

ಹಳೇಬೀದಿಯವ:
@ಇಲ್ಲೇಇದ್ದವಳು ಮೇಡಂ, ಮರದ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ನಿಮ್ಮ ಗೆಳೆಯರ ಮೇಲಿನ ಸಿಟ್ಟನ್ನು ನನ್ನ ತಲೆಗೆ ಕಟ್ಟಬೇಡಿ. ರಸ್ತೆ ಅಗಲ ಆಗಿದ್ದು ನನಗೂ ಖುಷಿಯೇ. ಆದರೆ ಕೊನೆಯಲ್ಲಿ ಗೆಳೆಯನ ಬಗ್ಗೆ ಬರೆದಿದ್ದೀರಲ್ಲ, ಅದು ತಲೆಯಲ್ಲಿ ಕೂತಿದೆ. ಇಷ್ಟು ವರ್ಷ ಅವನಿಗೂ ನನಗೂ ನಡುವೆ ಇದ್ದಿದ್ದು ಹುಟ್ಟುಹಬ್ಬದ ಮೆಸೇಜ್ ಅಷ್ಟೇ. ಎರಡೂ ಕಡೆಯಿಂದ.

ಇಲ್ಲೇಇದ್ದವಳು:
ಸಿಟ್ಟು ಅವರ ಮೇಲೆ ಇದ್ದಿದ್ದು ನಿಜ. ನೀವು ಸಿಕ್ಕಿದಿರಿ 😀

ಹಿಂದಿನಬೆಂಚು:
ಇವರಿಬ್ಬರೂ ಹೇಳುತ್ತಿರುವುದನ್ನು ಆಲ್ಫ್ರೆಡ್ ಶುಟ್ಜ್ ಅನ್ನುವ ಸಮಾಜಶಾಸ್ತ್ರಜ್ಞರು 1945ರಲ್ಲೇ ಬರೆದಿದ್ದಾರೆ. ವಿಯೆನ್ನಾದವರು, ನಾಜಿಗಳ ಕಾಲದಲ್ಲಿ ಊರು ಬಿಟ್ಟು ನ್ಯೂಯಾರ್ಕಿಗೆ ಹೋದವರು. ಯುದ್ಧ ಮುಗಿಸಿ ಮನೆಗೆ ಬರುವ ಸೈನಿಕರ ವಿಷಯ ಆಗ ಎಲ್ಲರ ಬಾಯಲ್ಲಿ ಇತ್ತು. ಅವರ ವಾದ ಸರಳ. ಹೋದವನ ತಲೆಯಲ್ಲಿ ಮನೆ ಅವನು ಬಿಟ್ಟ ದಿನದಲ್ಲೇ ನಿಂತಿರುತ್ತದೆ. ಮನೆಯವರ ತಲೆಯಲ್ಲಿ ಅವನು ಹೊರಟ ದಿನದ ಹುಡುಗನೇ ಆಗಿರುತ್ತಾನೆ. ಇಬ್ಬರೂ ಇಲ್ಲದ ಮನುಷ್ಯನನ್ನು ಹುಡುಕುತ್ತಾರೆ. ಇಲ್ಲಿ ಆಗಿದ್ದೂ ಅದೇ ಅಲ್ವಾ?

ಏಣಿಸಾಲ:
ಪುಸ್ತಕದ ಮಾತು ಸಾಕು, ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ.

ನಾನು ಬಂದ ಹೊಸದರಲ್ಲಿ ಎಲ್ಲವನ್ನೂ ದುಡ್ಡು ಕೊಟ್ಟು ಮಾಡಿಸುತ್ತಿದ್ದೆ. ಅಲ್ಲಿ ಅದೇ ಅಭ್ಯಾಸ ಆಗಿತ್ತು. ಯಾರಿಗೂ ತೊಂದರೆ ಕೊಡಬಾರದು ಅನ್ನುವುದೇ ಅಲ್ಲಿನ ಸಭ್ಯತೆ. ಜನರೂ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು, ನಿಮಗೆ ಈಗ ಆಗುತ್ತಿರುವ ಹಾಗೆಯೇ. ಒಂದು ದಿನ ಬಲ್ಬ್ ಹೋಯಿತು, ಏಣಿ ಇರಲಿಲ್ಲ, ಪಕ್ಕದ ಮನೆಯವರ ಹತ್ತಿರ ಕೇಳಿದೆ. ಆ ಮನುಷ್ಯ ಏಣಿಯ ಜೊತೆಗೆ ತಾನೂ ಬಂದ. ಕೆಳಗೆ ನಿಂತು ಹಿಡಿದುಕೊಂಡು 'ಈ ವೈರಿಂಗ್ ಯಾರು ಮಾಡಿದ್ದು, ತಲೆ ಇಲ್ಲವಾ ಅವನಿಗೆ?' ಅಂತ ಬೈದ. ವೈರಿಂಗ್ ಮಾಡಿಸಿದ್ದು ನಮ್ಮಪ್ಪ. ಅದನ್ನೂ ಹೇಳಿದೆ. 'ಗೊತ್ತು, ಅವತ್ತೂ ಹೇಳಿದ್ದೆ, ಕೇಳಲಿಲ್ಲ' ಅಂದ. ಏಣಿ ನಮ್ಮ ಮನೆಯಲ್ಲೇ ಉಳಿಯಿತು. ಅದನ್ನು ಕೇಳಲು ಅವರು ಬಂದರು, ಆಮೇಲೆ ಇನ್ನೊಂದಕ್ಕೆ ನಾನು ಹೋದೆ. ಈಗ ಅವರ ಬ್ಯಾಂಕಿನ ಆ್ಯಪ್ ಕೈಕೊಟ್ಟಾಗಲೆಲ್ಲ ರಾತ್ರಿ ಒಂಬತ್ತು ಗಂಟೆಗೂ ನಮ್ಮ ಬಾಗಿಲು ಬಡಿಯುತ್ತಾರೆ.

ನೆಂಟನ ಹತ್ತಿರ ಯಾರೂ ಏನೂ ಕೇಳುವುದಿಲ್ಲ. ಊರಿನವನ ಹತ್ತಿರ ಎಲ್ಲರೂ ಕೇಳುತ್ತಾರೆ. ನೀವು ಮೊದಲು ಉಪದ್ರವ ಕೊಡಿ, ಆಮೇಲೆ ಅವರು ಕೊಡುತ್ತಾರೆ.

ಗೇಟಿನಾಚೆ:
@ಏಣಿಸಾಲ ಇದು ಗಂಡಸರಿಗೆ ಸರಿ ಅಣ್ಣ. ನಾನು ಒಬ್ಬಳೇ ಬಂದಿದ್ದೇನೆ, ಮದುವೆ ಮುರಿದ ಮೇಲೆ. ನನಗೆ ಉಲ್ಟಾ ತೊಂದರೆ. ಯಾರೂ ಕೇಳುವುದಿಲ್ಲ ಅಂತ ಹಳೇಬೀದಿಯವರಿಗೆ ಬೇಜಾರು, ನನ್ನನ್ನು ಎಲ್ಲರೂ ಕೇಳುತ್ತಾರೆ. ಯಾಕೆ ಬಂದೆ, ಅವನು ಎಲ್ಲಿ, ಕೆಲಸ ಹೋಯಿತಾ? ನಾನು ಉತ್ತರ ಕೊಡದಿದ್ದರೆ ಅವರೇ ಒಂದು ಕಥೆ ಕಟ್ಟಿಕೊಳ್ಳುತ್ತಾರೆ. ನನ್ನ ಬಗ್ಗೆ ಈಗ ಮೂರು ಕಥೆ ಓಡಾಡುತ್ತಿವೆ. ಒಂದರಲ್ಲಿ ನನಗೆ ಕಾಯಿಲೆಯೂ ಇದೆ.

ಹೊರದೇಶದಿಂದ ಬಂದವರು ಒಂದೋ ಗೆದ್ದು ಬಂದಿರಬೇಕು, ಇಲ್ಲ ಸೋತು ಬಂದಿರಬೇಕು ಅಂತ ಜನ ತೀರ್ಮಾನ ಮಾಡಿರುತ್ತಾರೆ. ಸುಮ್ನೆ ಬಂದೆ ಅಂದರೆ ನಂಬುವುದೇ ಇಲ್ಲ.

ಏಣಿಸಾಲ:
ಒಪ್ಪಿದೆ ತಂಗಿ. ನನ್ನ ಬಾಗಿಲು ಬಡಿದರೆ ಯಾರೂ ಮಾತಾಡುವುದಿಲ್ಲ, ನಿಮ್ಮದನ್ನು ಬಡಿದರೆ ಊರೇ ಮಾತಾಡುತ್ತದೆ. ಅಲ್ಲಿ ಬೇರೆ ದಾರಿಯೇ ಬೇಕು.

ಕಿಟಕಿಸೀಟು:
@ಗೇಟಿನಾಚೆ ಒಂದೇ ಉತ್ತರ ಇಟ್ಟುಕೊಳ್ಳಿ, ಎಲ್ಲರಿಗೂ ಅದನ್ನೇ ಹೇಳಿ. 'ಇಲ್ಲಿರಬೇಕು ಅನ್ನಿಸಿತು, ಬಂದೆ.' ಕೇಳಿದವರಿಗೆಲ್ಲ ಅದೇ ಸಾಲು, ಅದೇ ದನಿ. ಹೊಸದೇನೂ ಸಿಗದಿದ್ದರೆ ಕೇಳುವವರಿಗೇ ಬೇಜಾರಾಗುತ್ತದೆ. ನಾನು ಹಾಗೇ ಪಾರಾಗಿದ್ದು.

ಗೇಟಿನಾಚೆ:
ಕಾಯಿಲೆ ಕಥೆ ಹಬ್ಬಿಸಿದವರಿಗೂ ಅದೇ ದನಿಯಲ್ಲಿ ಹೇಳಬೇಕಾ? ಅಷ್ಟು ದೊಡ್ಡ ಮನಸ್ಸು ನನಗಿಲ್ಲ 😄

ಸುಮ್ನೆಓದುವವ:
ರಾಮ 14 ವರ್ಷ ವನವಾಸ ಮುಗಿಸಿ ಬಂದಾಗ ರಾಜ್ಯವೇ ಕಾಯುತ್ತಿತ್ತು. ನಾವು ಬಂದರೆ 'ಯಾವಾಗ ಹೊರಡೋದು' ಅಂತಾರೆ.

ಎರಡನೆಯವಳು:
ಅಪ್ಪ ಅಮ್ಮನಿಗೋಸ್ಕರ ಬಂದೆ ಅಂದಿದ್ದೀರಿ, ಅದರ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮ ಮನೆಯದು ಹೇಳುತ್ತೇನೆ. ನಾನು ಇಲ್ಲೇ ಇದ್ದು ಅಪ್ಪನನ್ನು ನೋಡಿಕೊಂಡವಳು. ಬಂದವನು ಅಣ್ಣ.

ಬಂದ ವಾರವೇ ಅಪ್ಪನ ಮಾತ್ರೆಗಳನ್ನೆಲ್ಲ ಹೊಸ ಡಬ್ಬಿಗೆ ಹಾಕಿದ. ಏಳು ದಿನಕ್ಕೆ ಏಳು ಖಾನೆ, ಮೊಬೈಲ್‌ನಲ್ಲಿ ಅಲಾರಂ. ಹಳೇದು ತಗಡಿನ ಪೆಟ್ಟಿಗೆ. ಬೆಳಗಿನ ಮಾತ್ರೆ ಎಡಕ್ಕೆ, ರಾತ್ರಿಯದು ಬಲಕ್ಕೆ, ರಕ್ತದೊತ್ತಡದ್ದಕ್ಕೆ ಮಾತ್ರ ರಬ್ಬರ್ ಬ್ಯಾಂಡ್. ಅಪ್ಪನಿಗೆ ಕಣ್ಣು ಮಂಜು, ಕೈಗೆ ಆ ಪೆಟ್ಟಿಗೆ ಗೊತ್ತಿತ್ತು. ಹೊಸ ಡಬ್ಬಿಯಲ್ಲಿ ಮಂಗಳವಾರ ಯಾವುದು, ಬುಧವಾರ ಯಾವುದು ಅಂತ ಬೆರಳಿಗೆ ತಿಳಿಯಲಿಲ್ಲ. ಕೇಳಲು ಸಂಕೋಚ. ಮಗ ಅಷ್ಟು ದೂರದಿಂದ ಬಂದು ಪ್ರೀತಿಯಿಂದ ಮಾಡಿದ್ದಾನೆ ಅಂತ ಸುಮ್ಮನಿದ್ದರು. ಎರಡು ದಿನದ ಮಾತ್ರೆ ಹಾಗೇ ಉಳಿದಿದ್ದನ್ನು ನಾನು ನೋಡಿದೆ.

ಅವತ್ತು ಅಣ್ಣನಿಗೂ ನನಗೂ ದೊಡ್ಡ ಜಗಳ. 'ನಾನು ಬಂದಿದ್ದೇ ತಪ್ಪಾ' ಅಂದ. 'ಇಷ್ಟು ದಿನ ನಾವು ಏನು ಮಾಡುತ್ತಿದ್ದೆವು ಅಂದುಕೊಂಡೆ' ಅಂದೆ ನಾನು. ಅವನ ಉದ್ದೇಶ ಒಳ್ಳೆಯದೇ. ಆದರೆ ಹೊಸದಾಗಿ ಬಂದ ಮ್ಯಾನೇಜರ್ ಹಾಗೆ ಮನೆಯೊಳಗೆ ಬರಬೇಡಿ. ಇಲ್ಲಿ ಎಲ್ಲಕ್ಕೂ ಒಂದು ಕಾರಣ ಇರುತ್ತದೆ. ಪೆದ್ದುತನದ ಹಾಗೆ ಕಾಣುವುದಕ್ಕೂ.

ಹಳೇಬೀದಿಯವ:
ನಮ್ಮ ಮನೆಯಲ್ಲಿ ಇನ್ನೂ ಪೆಟ್ಟಿಗೆಗೆ ಕೈ ಹಾಕಿಲ್ಲ. ಹಾಕುವುದೂ ಇಲ್ಲ!

ಆದರೆ ನಿಮ್ಮ ಅಣ್ಣನ ಪರವಾಗಿ ಒಂದು ಮಾತು. ಬಂದವನಿಗೆ ಮನೆಯಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ಎಲ್ಲವನ್ನೂ ಯಾರೋ ನೋಡಿಕೊಳ್ಳುತ್ತಿರುತ್ತಾರೆ. ಸುಮ್ಮನೆ ಕೂತರೆ ಯಾಕೆ ಬಂದೆ ಅನ್ನಿಸುತ್ತದೆ. ಏನಾದರೂ ಮಾಡಿದರೆ ಯಾಕೆ ಮಾಡಿದೆ ಅನ್ನಿಸಿಕೊಳ್ಳಬೇಕು.

ಎರಡನೆಯವಳು:
ಅದಕ್ಕೇ ಈಗ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಪೂರ್ತಿ ಅವನ ಪಾಲು. ಮಾತ್ರೆ ನನ್ನದು. ಬಾಯಿಬಿಟ್ಟು ಹಂಚಿಕೊಂಡ ಮೇಲೆ ಜಗಳ ಕಡಿಮೆ. ಪೂರ್ತಿ ನಿಂತಿಲ್ಲ.

ಹಳೇಪೇಪರ್:
ಹೊರಗಿಂದ ಬಂದವರು ಬಾಯಿ ಮುಚ್ಚಿಕೊಂಡು ನೋಡಬೇಕು ಅನ್ನುವುದಕ್ಕೆ ದೊಡ್ಡ ಉದಾಹರಣೆ ಇದೆ. ಗಾಂಧೀಜಿ 1915ರ ಜನವರಿ 9ರಂದು ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಮರಳಿದರು. ಅಲ್ಲಿಗೆ ಹೋಗಿದ್ದು 1893ರಲ್ಲಿ. ಒಂದು ವರ್ಷ ದೇಶ ಸುತ್ತಬೇಕು, ಸಾರ್ವಜನಿಕ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳಬಾರದು ಅಂತ ಗೋಖಲೆಯವರು ಅವರಿಂದ ಮಾತು ತೆಗೆದುಕೊಂಡಿದ್ದರು. ಅಂಥವರಿಗೇ ಒಂದು ವರ್ಷದ ಪ್ರೊಬೇಷನ್. ನಾವು ಬಂದ ವಾರವೇ ಮಾತ್ರೆ ಡಬ್ಬಿ ಬದಲಾಯಿಸುತ್ತೇವೆ.

ಲೆಕ್ಕದಮೇಷ್ಟ್ರು:
ಗೋಖಲೆಯವರೇ ಆ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಆದರೂ ಗಾಂಧೀಜಿ ಹೆಚ್ಚುಕಡಿಮೆ ಮಾತು ಉಳಿಸಿಕೊಂಡರು.

ಸಣ್ಣಮೈದಾನ:
ನಿಮಗೆಲ್ಲ ಊರು ಚಿಕ್ಕದಾಗಿ ಕಾಣಲಿಲ್ವಾ? ನಮ್ಮ ಶಾಲೆಯ ಮೈದಾನಕ್ಕೆ ಹೋದರೆ ನಗು ಬಂತು. ಇದರ ಸುತ್ತ ಓಡಿ ಸುಸ್ತಾಗಿ ಬೀಳುತ್ತಿದ್ದೆವಾ ಅಂತ. ಗೇಟಿನ ಮೇಲಿನ ಚಿಲಕ ಆಗ ಕೈಗೆ ಎಟುಕುತ್ತಿರಲಿಲ್ಲ, ಈಗ ಭುಜದ ಹತ್ತಿರ ಇದೆ.

ಹಿಂದಿನಬೆಂಚು:
ಐದು ವರ್ಷದ ಮಗುವಿನ ಎತ್ತರ ಸುಮಾರು 110 ಸೆಂಟಿಮೀಟರ್. ಅಷ್ಟು ಕೆಳಗಿನಿಂದ ನೋಡಿದ ಗೋಡೆ ಈಗಿನ ಕಣ್ಣಿಗೆ ಕುಳ್ಳಗೇ ಕಾಣುತ್ತದೆ. ವಾಸನೆ ಮಾತ್ರ ಬದಲಾಗುವುದಿಲ್ಲ ನೋಡಿ. ಮೂಗಿನಿಂದ ಹೋಗುವ ಸಂದೇಶ ಮಿದುಳಿನಲ್ಲಿ ಭಾವನೆ, ನೆನಪು ಇರುವ ಜಾಗಗಳಿಗೆ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಕಣ್ಣು, ಕಿವಿಯದಕ್ಕೆ ಸುತ್ತು ಜಾಸ್ತಿ. ಹಳೇ ಬೀರು ತೆಗೆದರೆ ಸಾಕು, ವಯಸ್ಸೇ ಮರೆತುಹೋಗುತ್ತದೆ.

ಮೂರುಪಾಸ್‌ಪೋರ್ಟ್:
ಮಕ್ಕಳಿದ್ದವರು ಇದನ್ನು ಓದಿ. 'ವಾಪಸ್ ಹೋಗುತ್ತಿದ್ದೇವೆ' ಅಂತ ನಾವು ಮನೆಯಲ್ಲಿ ದಿನಾ ಹೇಳುತ್ತಿದ್ದೆವು. ಮಗಳಿಗೆ ಆಗ ಎಂಟು ವರ್ಷ. 'ನಾನು ಅಲ್ಲಿಂದ ಬಂದೇ ಇಲ್ಲವಲ್ಲ, ವಾಪಸ್ ಹೇಗೆ ಹೋಗುತ್ತೀನಿ?' ಅಂದಳು. ಅವಳ ಹುಟ್ಟೂರು ನಾವು ಬಿಟ್ಟು ಬರುತ್ತಿದ್ದ ಊರು. ನಮಗೆ ಮನೆಗೆ ಬಂದ ಖುಷಿ, ಅವಳಿಗೆ ಮನೆ ಕಳೆದುಕೊಂಡ ಸಂಕಟ, ಎರಡೂ ಒಂದೇ ವಿಮಾನದಲ್ಲಿ.

ಇಂಥ ಮಕ್ಕಳ ಬಗ್ಗೆ 1950ರ ದಶಕದಲ್ಲೇ ರೂತ್ ಯೂಸೀಂ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞೆ ಕೆಲಸ ಮಾಡಿದ್ದರು. ಅಪ್ಪ ಅಮ್ಮನ ಸಂಸ್ಕೃತಿ ಒಂದು, ಬೆಳೆದ ದೇಶದ್ದು ಇನ್ನೊಂದು, ಎರಡರ ನಡುವೆ ಮಕ್ಕಳೇ ಕಟ್ಟಿಕೊಂಡಿದ್ದು ಮೂರನೆಯದು ಅಂತ. ನಮ್ಮ ಮನೆಯಲ್ಲಿ ಅವಳ ಹಳೇ ಗೆಳತಿಯರ ಜೊತೆ ವಿಡಿಯೋ ಕಾಲ್‌ಗೆ ವಾರಕ್ಕೊಂದು ಹೊತ್ತು ಇಟ್ಟಿದ್ದೆವು. ಆ ಹೊತ್ತಿಗೆ ಯಾರೇ ಮನೆಗೆ ಬಂದರೂ ಅವಳನ್ನು ಕರೆಯುತ್ತಿರಲಿಲ್ಲ. 'ಇನ್ನು ಇದೇ ನಿನ್ನ ಊರು' ಅಂತ ಯಾರಾದರೂ ಅಂದರೆ ನಾನೇ ತಡೆಯುತ್ತಿದ್ದೆ. ಅವಳಿಗೆ ಯಾವುದು ಊರು ಅಂತ ಅವಳೇ ಹೇಳಲಿ.

ಜ್ವರದಡಾಕ್ಟ್ರು:
ಮನಸ್ಸಿನ ಮಾತಾಯಿತು, ಮೈಯದೂ ಸ್ವಲ್ಪ ಇರಲಿ. ಹುಟ್ಟಿದ ಊರು, ನನಗೇನೂ ಆಗಲ್ಲ ಅಂತ ಬರುವವರೇ ಜಾಸ್ತಿ ಮಲಗುವುದು. ಮಲೇರಿಯಾ ಇರುವ ಕಡೆ ಬೆಳೆದವರಿಗೆ ಪದೇಪದೇ ಸೋಂಕು ತಗುಲಿ ಅರ್ಧಂಬರ್ಧ ರಕ್ಷಣೆ ಬಂದಿರುತ್ತದೆ. ಹೊರಗೆ ಹೋಗಿ ವರ್ಷಗಳಾದರೆ ಅದು ಕರಗಿಹೋಗುತ್ತದೆ. ಹೊರಗೇ ಹುಟ್ಟಿದ ಮಕ್ಕಳಿಗಂತೂ ಇರುವುದೇ ಇಲ್ಲ. ಹೊಟ್ಟೆಯದೂ ಹಾಗೇ, ಬಂದ ಹೊಸದರಲ್ಲಿ ಭೇದಿ ಸಾಮಾನ್ಯ. ಸೊಳ್ಳೆಪರದೆ, ಲಸಿಕೆ, ನೀರು, ಇವನ್ನೆಲ್ಲ ಹೊಸ ಊರಿಗೆ ಹೋಗುವವರ ಹಾಗೇ ನೋಡಿಕೊಳ್ಳಿ.

ತೆಗೆದುಕೊಳ್ಳುವ ಔಷಧಿಗಳ ಮೂಲ ಹೆಸರನ್ನು ಬರೆದುಕೊಂಡು ಬನ್ನಿ. ಬ್ರಾಂಡ್ ಹೆಸರು ದೇಶ ದೇಶಕ್ಕೆ ಬೇರೆ. ಮೂಲ ಹೆಸರೂ ಕೆಲವೊಮ್ಮೆ ಬೇರೆ ಇರುತ್ತದೆ. ಅಮೆರಿಕದಲ್ಲಿ ಅಸೆಟಮಿನೊಫೆನ್ ಅನ್ನುವುದೇ ಬೇರೆ ಕಡೆ ಪ್ಯಾರಾಸಿಟಮಾಲ್. ಗೊತ್ತಿಲ್ಲದೆ ಎರಡನ್ನೂ ನುಂಗಿದರೆ ಡಬಲ್ ಡೋಸ್, ಯಕೃತ್ತಿಗೆ ಅಪಾಯ.

ಕಡತದಕಟ್ಟು:
ಡಾಕ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಅಲ್ಲಿಂದ ಹೊರಡುವ ಮೊದಲೇ ಕಾಗದ ಪತ್ರ ಮುಗಿಸಿಕೊಳ್ಳಿ, ಬಂದ ಮೇಲೆ ಅಲ್ಲಿನ ಕಚೇರಿಯವರು ಫೋನ್ ಎತ್ತುವ ಹೊತ್ತಿಗೆ ಇಲ್ಲಿ ಮಧ್ಯರಾತ್ರಿ. ಮದುವೆ, ಜನನ, ಓದಿನ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ (ಕಾಗದ ಅಸಲಿ ಅಂತ ಅಲ್ಲಿನ ಸರ್ಕಾರ ಕೊಡುವ ದೃಢೀಕರಣ) ಹಾಕಿಸಿ. 1961ರ ಹೇಗ್ ಒಪ್ಪಂದಕ್ಕೆ ಎರಡೂ ದೇಶ ಸೇರಿದ್ದರೆ ಆ ಒಂದೇ ಮುದ್ರೆ ಸಾಕು, ರಾಯಭಾರ ಕಚೇರಿಗೆ ಅಲೆಯಬೇಕಾಗಿಲ್ಲ. ಪಿಂಚಣಿಗೆ ಎಷ್ಟು ವರ್ಷ ಕಟ್ಟಿದ್ದೀರಿ ಅನ್ನುವ ಪತ್ರ, ಮಕ್ಕಳ ಲಸಿಕೆ ಪುಸ್ತಕ, ಪೊಲೀಸ್ ಪ್ರಮಾಣಪತ್ರ, ಇಷ್ಟಂತೂ ಬೇಕೇಬೇಕು. ಅಲ್ಲಿನ ಫೋನ್ ನಂಬರ್ ತಕ್ಷಣ ಬಿಡಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು.

ತೆರಿಗೆಗೆ ಬಹಳ ದೇಶಗಳಲ್ಲಿ 183 ದಿನದ ಲೆಕ್ಕ ಇದೆ, ಅಂದರೆ ವರ್ಷದಲ್ಲಿ ಅಷ್ಟು ದಿನ ಅಲ್ಲಿದ್ದರೆ ತೆರಿಗೆಗೆ ಅಲ್ಲಿನ ನಿವಾಸಿ ಅಂತ. ಯಾವ ತಿಂಗಳಲ್ಲಿ ಬರುತ್ತೀರಿ ಅನ್ನುವುದರ ಮೇಲೆ ಆ ವರ್ಷದ ತೆರಿಗೆ ಎಲ್ಲಿ ಅಂತ ತೀರ್ಮಾನ ಆಗಬಹುದು. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಎಲ್ಲಿ ಕೂತರೂ ಅವರಿಗೆ ಲೆಕ್ಕ ಕೊಡಬೇಕು. ಟಿಕೆಟ್ ತೆಗೆಯುವ ಮೊದಲು ಆಡಿಟರ್ ಜೊತೆ ಮಾತಾಡಿ.

ಎಡಗೈಸ್ಟೀರಿಂಗ್:
ಡ್ರೈವಿಂಗ್ ಯಾರೂ ಹೇಳಲಿಲ್ಲ! ಬಲಗಡೆ ಓಡಿಸುವ ದೇಶದಿಂದ ಎಡಗಡೆ ಓಡಿಸುವ ಕಡೆಗೆ ಬಂದೆ. ತಿರುಗಿಸುವಾಗೆಲ್ಲ ಇಂಡಿಕೇಟರ್ ಬದಲು ವೈಪರ್ ಆಡುತ್ತಿತ್ತು. ಬಿಸಿಲಲ್ಲಿ ವೈಪರ್ ಆಡಿಸುತ್ತ ಹೋಗುವವನು ಹೊರದೇಶದವನೇ ಅಂತ ಊರಿಗೆಲ್ಲ ಗೊತ್ತಾಗಿತ್ತು.

ಹಳೇಪೇಪರ್:
ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಇಡೀ ದೇಶವೇ ಬದಿ ಬದಲಾಯಿಸಿತು, 2009ರ ಸೆಪ್ಟೆಂಬರ್ 7ರಂದು, ಬಲದಿಂದ ಎಡಕ್ಕೆ. ಅಲ್ಲಿನ ಬಹಳ ಜನ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಇದ್ದಾರೆ. ಅವರು ಅಲ್ಲಿಂದ ಹಳೇ ಕಾರು ಊರಿಗೆ ಕಳಿಸಲು ಅನುಕೂಲ ಆಗಲಿ ಅಂತ. ನಮ್ಮ ಗೆಳೆಯರು ಬರೀ ಫೋಟೋ ಕೇಳುತ್ತಾರೆ, ಅವರು ರಸ್ತೆಯನ್ನೇ ತಿರುಗಿಸಿದರು.

ಇಲ್ಲೇಇದ್ದವಳು:
ನನ್ನ ಸಾಲು ಕದ್ದಿರಿ.

ವೇದಿಕೆಕಾವಲು:
ಕಾರು ಬಿಟ್ಟು ಮೂಲ ಪ್ರಶ್ನೆಗೆ ಬನ್ನಿ. ಅವರು ಬೇರೆ ಊರಿಗೆ ಹೋಗಬೇಕೋ ಬೇಡವೋ ಅಂತ ಕೇಳಿದ್ದಾರೆ.

ಎರಡುಮನೆ:
ಅದಕ್ಕೆ ನನ್ನ ಉತ್ತರ. ನಾನು ಬಂದೆ, ಇದ್ದೆ, ಆಗಲಿಲ್ಲ, ಮತ್ತೆ ಹೊರಗೆ ಹೋದೆ. ಇಲ್ಲಿ ಯಾರೂ ಇದನ್ನು ಹೇಳುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಕೆಲಸಕ್ಕೆ ಊರಿನಲ್ಲಿ ಜಾಗ ಇರಲಿಲ್ಲ. ರಾತ್ರಿ ಲ್ಯಾಪ್‌ಟಾಪ್ ಮುಂದೆ ಬೇರೆ ದೇಶದವರ ಹೊತ್ತಿಗೆ ಕೂತು, ಹಗಲು ನಿದ್ದೆ ಮಾಡುತ್ತಿದ್ದೆ. ಊರಲ್ಲೇ ಇದ್ದೆ, ಊರಿನವರು ಎದ್ದಿರುವಾಗ ನಾನು ಎದ್ದಿರುತ್ತಿರಲಿಲ್ಲ. ಹೋಗಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಟಲಿಯಿಂದ ಅಮೆರಿಕಕ್ಕೆ ಹೋದವರಲ್ಲಿ ಎಷ್ಟೋ ಜನ ಊರಿಗೆ ಮರಳಿದರು. ಮರಳಿದವರಲ್ಲಿ ಕೆಲವರು ಮತ್ತೆ ಹಡಗು ಹತ್ತಿದರು. ಒಂದು ಸಲ ಬಂದ ಮೇಲೆ ಬಾಗಿಲು ಮುಚ್ಚಿತು ಅಂತ ಯಾರು ಹೇಳಿದ್ದು?

ಏಣಿಸಾಲ:
ಅಂದರೆ ಕೆಲಸ ಊರಿನಲ್ಲೇ, ಹಗಲಿನಲ್ಲೇ ಇರಬೇಕು ಅಂತಾಯಿತು. ನಾನು ಹೇಳಿದ್ದೂ ಅದೇ.

ಎರಡುಮನೆ:
ನೀವು ಹೇಳಿದ್ದು ಏಣಿ. ನಾನು ಹೇಳಿದ್ದು ಹೊಟ್ಟೆಪಾಡು.

ಕಿಟಕಿಸೀಟು:
ಹಳೇಬೀದಿ ಸರ್, ಬೇರೆ ಊರಿಗೆ ಈಗಲೇ ಹೋಗಬೇಡಿ ಅಂತ ನನ್ನ ಮತ. ಅಲ್ಲಿಗೆ ಹೋದರೆ ಅಲ್ಲೂ ಹೊಸಬರು, ಇಲ್ಲಿಗೂ ನೆಂಟರು. ಅಪ್ಪ ಅಮ್ಮನಿಗೂ ರಸ್ತೆ ಕಾಯುವ ಕೆಲಸ.

ಲೆಕ್ಕದಮೇಷ್ಟ್ರು:
ನನ್ನ ಮತ ಬೇರೆ. ಹತ್ತಿರದ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕರೆ ಹೋಗಲಿ. 1688ರಲ್ಲಿ ಯೋಹಾನೆಸ್ ಹೋಫರ್ ಅನ್ನುವ ವೈದ್ಯ ಊರಿನ ನೆನಪಿನಿಂದ ಕೊರಗುವುದನ್ನು ಒಂದು ಕಾಯಿಲೆ ಅಂತಲೇ ಬರೆದ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಮದ್ದು, ರೋಗಿಯನ್ನು ಊರಿಗೆ ಕಳಿಸುವುದು. ಊರಿಗೆ ಬಂದ ಮೇಲೂ ಕೊರಗಿದರೆ ಏನು ಮಾಡಬೇಕು ಅಂತ ನಾವೇ ಕಂಡುಕೊಳ್ಳಬೇಕು. ದೂರ ಇದ್ದರೆ ಕೆಲವರಿಗೆ ಪ್ರೀತಿ ಉಳಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಬರೀ ಬೈಗುಳ ಅಲ್ಲ, ಕೆಲವು ಬೆಟ್ಟಗಳನ್ನು ದೂರದಿಂದಲೇ ನೋಡಬೇಕು.

ಹಳೇಬೀದಿಯವ:
ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ಎಲ್ಲೂ ಹೋಗುತ್ತಿಲ್ಲ. ಕೆಲಸ ಹುಡುಕುತ್ತಿದ್ದೇನೆ, ಹಗಲಿನದೇ.

ಆ ಗೆಳೆಯ ನಿನ್ನೆ ಫೋನ್ ಮಾಡಿದ. ಮಗಳು ಹೊರದೇಶಕ್ಕೆ ಓದಲು ಹೋಗಬೇಕಂತೆ, ಅರ್ಜಿಗೆ ಏನೇನು ಬೇಕು ಅಂತ ಕೇಳಿದ. ರಾತ್ರಿ ಅವರ ಮನೆಗೆ ಹೋಗಿ ಕೂತೆ. ಆ ಹುಡುಗಿ ಕೇಳಿದ ಹಾಗೆ ಅಲ್ಲಿನ ಬದುಕಿನ ಬಗ್ಗೆ ಇಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಒಂಟಿತನ ಆಗುತ್ತಾ, ಹುಷಾರು ತಪ್ಪಿದರೆ ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಅಭ್ಯಾಸ ಆಗುತ್ತೆ? ಅವನು ಮಧ್ಯೆ ಮಧ್ಯೆ 'ಓದು ಮುಗಿಸಿ ವಾಪಸ್ ಬಂದುಬಿಡಬೇಕು' ಅನ್ನುತ್ತಿದ್ದ. ಅದಕ್ಕೆ ನಾನು ಏನೂ ಹೇಳಲಿಲ್ಲ. ಅರ್ಜಿಯ ಖರ್ಚಿನ ವಿಷಯಕ್ಕೆ ಮಾತ್ರ ಇಬ್ಬರಿಗೂ ಸಣ್ಣ ಜಗಳ ಆಯಿತು.

ಇಲ್ಲೇಇದ್ದವಳು:
ಜಗಳ ಆಯಿತಾ? ಹಾಗಾದರೆ ಪರವಾಗಿಲ್ಲ.

ಹೊಸಬ_ನಾನು:
ವಿಷಯ ಬೇರೆ, ಕ್ಷಮಿಸಿ. ಮುಂದಿನ ತಿಂಗಳು ನಾನೂ ವಾಪಸ್ ಹೊರಟಿದ್ದೇನೆ, ಅಮೆರಿಕದಿಂದ. ವಾಷಿಂಗ್ ಮೆಷಿನ್ ಹೊಸದು, ತರಬಹುದಾ?

ಕಡತದಕಟ್ಟು:
ತರಬೇಡಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಪ್ರಪಂಚದ ಬಹುಪಾಲು ಕಡೆ 220ರಿಂದ 240 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಸರಿಹೋಗುತ್ತದೆ, ಹರ್ಟ್ಸ್ ಹೋಗುವುದಿಲ್ಲ, ಮೋಟಾರು ನಿಧಾನಕ್ಕೆ ತಿರುಗಿ ಬಿಸಿಯಾಗಬಹುದು. ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಲ್ಯಾಪ್‌ಟಾಪ್, ಫೋನಿನ ಚಾರ್ಜರ್ ಮೇಲೆ 100–240 ಅಂತ ಬರೆದಿದ್ದರೆ ಧೈರ್ಯವಾಗಿ ತನ್ನಿ, ಪಿನ್ನಿಗೆ ಅಡಾಪ್ಟರ್ ಸಾಕು.